ಹುಲಿಗೆಮ್ಮನ ಪ್ಲೇಟಿಗೆ ಬಿದ್ದ ಗೀರು

ಚನ್ನಗಿರಿಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೆ ಮರುಳಸಿದ್ದಪ್ಪನ ಕಾಫಿ ಕ್ಲಬ್ಬು ಇತ್ತು. ಸಾವಿರದ ಒಂಬೈನೂರ ಮೂವತ್ತೇಳನೆಯ ಇಸವಿಯಲ್ಲಿ ಅವನು ದಾವಣಗೆರೆಗೆ ಹೋಗಿ ಒಂದು ಗ್ರಾಮಫೋನನ್ನೂ ಆರು ಪ್ಲೇಟುಗಳನ್ನೂ ತಂದ. ಆಗ ರೆಕಾರ್ಡಿಗೆ ಎಲ್ಲರೂ ಪ್ಲೇಟು ಎಂದೇ ಅನ್ನುತ್ತಿದ್ದರು. ಎರಡರಲ್ಲಿ ದೇವರ ನಾಮ, ಎರಡರಲ್ಲಿ ನಾಟಕದ ಮಾತು, ಒಂದರಲ್ಲಿ ಯಾರೋ ಒಬ್ಬ ಮೊದಲಿಂದ ಕೊನೆಯವರೆಗೆ ಬರೀ ನಗುವುದು. ಆರನೆಯದು ಜಗಳೂರು ಹುಲಿಗೆಮ್ಮನ ಹಾಡು. ದಾವಣಗೆರೆಯ ಅಂಗಡಿಯಲ್ಲಿ ಅದನ್ನು ಒಂದು ಸಲ ಕೇಳಿದ ಮರುಳಸಿದ್ದಪ್ಪ, ಬಸ್ಸಿನಲ್ಲಿ ಬರುವಾಗ ಅದೊಂದನ್ನು ಮಾತ್ರ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದ.

ಗ್ರಾಮಫೋನನ್ನು ಗಲ್ಲಾದ ಪಕ್ಕದ ಮೇಜಿನ ಮೇಲೆ ಕೂಡಿಸಿ, ಕಹಳೆಯನ್ನು ಬೀದಿಯ ಕಡೆ ತಿರುಗಿಸಿ, ಹೆಂಡತಿಯನ್ನು ಕೂಗಿದ.

"ಗಿಡ್ಡಮ್ಮ, ಆ ಮೇಲಿನ ಪ್ಲೇಟು ಧೂಳಾಗೈತೆ, ಒರೆಸಿ ಕೊಡು."

ಗಿಡ್ಡಮ್ಮ ಬಸವಾಪಟ್ಟಣದಿಂದ ಮದುವೆಯಾಗಿ ಬಂದು ಆರು ತಿಂಗಳಾಗಿತ್ತು. ಬೆಳಗಿನಿಂದ ಆಕೆ ತೊಳೆದದ್ದೆಲ್ಲ ಪ್ಲೇಟುಗಳೇ. ಗಂಡ ಈ ಕರಿಯದನ್ನು ಯಾವ ಹೊಸ ದೋಸೆಗೆ ತಂದಿದ್ದಾನೋ ಎಂದುಕೊಂಡು ಅದನ್ನು ಹಿತ್ತಲಿಗೆ ಒಯ್ದಳು. ಬೂದಿ ಹಚ್ಚಿದ ತೆಂಗಿನ ನಾರಿನಿಂದ ಒಂದು ಸಲ ಗಟ್ಟಿಯಾಗಿ ಎಳೆದಳು. ಎರಡನೆಯ ಸಲ ಎಳೆಯುವುದರೊಳಗೆ ಮರುಳಸಿದ್ದಪ್ಪ ಅಯ್ಯಯ್ಯೋ ಎಂದು ಓಡಿಬಂದು ಕಸಿದುಕೊಂಡ.

"ಹಾಡಿನ ಪ್ಲೇಟನ್ನ ಬೂದಿ ಹಾಕಿ ತಿಕ್ತಾರೇನೆ?"

"ನೀವು ಪ್ಲೇಟು ಅಂದ್ರಿ. ಹಾಡು ಅಂದಿದ್ರೆ ತಿಕ್ಕತಾನೇ ಇರಲಿಲ್ಲ," ಎಂದಳು ಗಿಡ್ಡಮ್ಮ. ಮಾತು ಸರಿಯಾಗಿದೆಯೋ ಇಲ್ಲವೋ ಎಂದು ಯೋಚಿಸುವಷ್ಟು ಪುರುಸೊತ್ತು ಇಬ್ಬರಿಗೂ ಇರಲಿಲ್ಲ. ಹೊರಗೆ ಜನ ಸೇರಿದ್ದರು.

ಮರುಳಸಿದ್ದಪ್ಪ ಕೀಲಿ ತಿರುಗಿಸಿ, ಎದೆ ಗಟ್ಟಿ ಮಾಡಿಕೊಂಡು, ಮುಳ್ಳು ಇಟ್ಟ. ಹಾಡು ಚೆನ್ನಾಗಿಯೇ ಶುರುವಾಯಿತು. ಹಾದಿ ನೋಡಿ ಹಾದಿ ನೋಡಿ ಹಗಲು ಜಾರಿತೋ. ಜನ ತಲೆದೂಗಿದರು. ಮುಂದಿನ ಸಾಲು, ಬಾಗಿಲಲ್ಲಿ ನಿಂತ ಕಾಲು ಬೇರು ಬಿಟ್ಟಿತೋ. ಆದರೆ ಗಿಡ್ಡಮ್ಮ ಎಳೆದ ಗೀರು ಸರಿಯಾಗಿ ಅಲ್ಲಿತ್ತು. ಮುಳ್ಳು ಅದಕ್ಕೆ ಎಡವಿ, ಬಂದ ದಾರಿಗೇ ಮತ್ತೆ ಬಿದ್ದು, ಬಾಗಿ, ಬಾಗಿ, ಬಾಗಿ ಎಂದು ಅಲ್ಲೇ ಸುತ್ತತೊಡಗಿತು. ಮರುಳಸಿದ್ದಪ್ಪನ ಬೆವರು ಕಿವಿಯ ಹಿಂದೆ ಇಳಿಯಿತು. ದಿಕ್ಕು ತೋಚದೆ ಅಂಗೈಯಿಂದ ಮೇಜಿನ ಮೇಲೆ ಢಂ ಎಂದು ಬಡಿದ. ಮುಳ್ಳು ಗೀರನ್ನು ದಾಟಿತು. ಬಾಗಿಲಲ್ಲಿ ನಿಂತ ಕಾಲು ಬೇರು ಬಿಟ್ಟಿತು. ಹಾಡು ಮುಗಿದು, ಕೊನೆಗೆ ಗಾಯಕಿ, ಆ ಕಾಲದ ಪ್ಲೇಟುಗಳಲ್ಲಿ ವಾಡಿಕೆಯಿದ್ದಂತೆ, "ನಾನು ಜಗಳೂರು ಹುಲಿಗೆಮ್ಮ" ಎಂದು ಗಟ್ಟಿಯಾಗಿ ತನ್ನ ಹೆಸರನ್ನೂ ಹೇಳಿದಳು.

ಮೂಲೆಯಲ್ಲಿ ಕೂತಿದ್ದ ಮೂಕಪ್ಪ ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. ಹೆಸರು ಮೂಕಪ್ಪನಾದರೂ ಅವರ ಬಾಯಿ ಮುಚ್ಚಿದ್ದನ್ನು ಊರಲ್ಲಿ ಕಂಡವರಿಲ್ಲ.

"ಸಿದ್ದಪ್ಪ, ಆ ಬಾಗಿ ಬಾಗಿ ಅನ್ನೋದು ಏನದು?"

"ಅದು... ಹಾಡೇ ಹಂಗೈತ್ರಿ ಮೇಷ್ಟ್ರೆ. ಆಕೆ ಭಾಳ ದೊಡ್ಡ ಹಾಡುಗಾರ್ತಿ."

"ಮತ್ತೆ ನೀ ಬಡಿದದ್ದು?"

"ತಾಳ," ಎಂದ ಮರುಳಸಿದ್ದಪ್ಪ.

ಮೇಷ್ಟ್ರು ಎದ್ದು ನಿಂತು ವಿವರಿಸಿದರು. ಹೆಣ್ಣುಮಗಳು ಬಾಗಿಲಲ್ಲಿ ಕಾಯುತ್ತಿದ್ದಾಳೆ. ಗಂಡ ಬರುತ್ತಿಲ್ಲ. ಒಂದು ಸಲ ಬಾಗಿ ಹಾದಿ ನೋಡುತ್ತಾಳೆ, ಇಲ್ಲ. ಮತ್ತೊಂದು ಸಲ ಬಾಗಿ ನೋಡುತ್ತಾಳೆ, ಇಲ್ಲ. ಹಾಗೆ ಬಾಗಿ, ಬಾಗಿ, ಬಾಗಿ, ಕೊನೆಗೆ ಆಸೆ ಮುರಿದ ಸದ್ದೇ ಆ ಢಂ. "ಬಾಗಿಲು ಅನ್ನೋ ಮಾತಿನೊಳಗೇ ಬಾಗಿ ಐತೆ ಅನ್ನೋದನ್ನ ಈ ತಾಯಿ ಕಂಡುಹಿಡಿದಾಳೆ ನೋಡ್ರಿ! ಇದು ಬರೀ ಹಾಡಲ್ಲ."

ಜನ ಮತ್ತೊಂದು ಸಲ ಹಾಕು ಎಂದರು. ಮರುಳಸಿದ್ದಪ್ಪ ಎಣಿಸಿಕೊಂಡು ಏಳನೆಯ ಬಾಗಿಗೆ ಬಡಿದ. ಅಂದಿನಿಂದ ಏಳೇ ಗಟ್ಟಿಯಾಯಿತು. ಒಂದು ವಾರದಲ್ಲಿ ಕ್ಲಬ್ಬಿನಲ್ಲಿದ್ದವರೆಲ್ಲ ಏಳಕ್ಕೆ ಒಟ್ಟಾಗಿ ಮೇಜು ಬಡಿಯತೊಡಗಿದರು. ಲೋಟಗಳು ಹಾರಿ ಕೂರುತ್ತಿದ್ದವು. ತಿಂಗಳಲ್ಲಿ ಹಾಡು ಮನೆಮನೆಗೆ ಹೋಯಿತು. ಬತ್ತ ಕುಟ್ಟುವವರು ಆರು ಬಾಗಿಗೆ ಒನಕೆ ಎತ್ತಿ ಹಿಡಿದು ಏಳಕ್ಕೆ ಕುಟ್ಟಿದರು. ಮೇಲಿನ ಬೀದಿಯ ಸರ್ವಮಂಗಳಮ್ಮ ಎಂಬ ಮುದುಕಿ ಮೊಮ್ಮಗುವಿಗೆ ಅದನ್ನೇ ಜೋಗುಳ ಮಾಡಿ ಹಾಡಿ, ನಿದ್ದೆ ಹತ್ತುವ ಹೊತ್ತಿಗೆ ತೊಟ್ಟಿಲು ಬಡಿದು, ಮಗುವನ್ನು ಎಬ್ಬಿಸುತ್ತಿದ್ದಳು. ಅಡಿಕೆ ಮಾರಲು ಬಂದವರು ಕ್ಲಬ್ಬಿಗೆ ಬಂದು ಕಾಫಿಗಿಂತ ಮೊದಲು ಬಾಗಿ ಹಾಕ್ರಿ ಎನ್ನುತ್ತಿದ್ದರು. ಊರಿಗೆ ಆ ಪ್ಲೇಟು ಅದೊಂದೇ. ಅದೇ ಹಾಡನ್ನು ಗೀರಿಲ್ಲದ ಪ್ಲೇಟಿನಲ್ಲಿ ಕೇಳಿದವರು ಯಾರೂ ಇರಲಿಲ್ಲವಾದ್ದರಿಂದ ಗಂಡ ಹೆಂಡತಿಯ ಗುಟ್ಟು ಉಳಿಯಿತು.

ಇತ್ತ ಜಗಳೂರಿನಲ್ಲಿ ಹುಲಿಗೆಮ್ಮನಿಗೆ ಇದೊಂದೂ ಗೊತ್ತಿರಲಿಲ್ಲ. ಆಕೆ ಹದಿನೈದು ವರ್ಷ ನಾಟಕದ ಕಂಪನಿಯಲ್ಲಿ ಹಾಡಿದವಳು. ಅಲ್ಲಿ ಈ ಹಾಡನ್ನು ಅರ್ಧ ಗಂಟೆ ಹಾಡುತ್ತಿದ್ದಳು. ಹಾದಿ ನೋಡುವುದಕ್ಕೇ ಹತ್ತು ನಿಮಿಷ. ಜನ ಒನ್ಸ್ ಮೋರ್ ಎಂದರೆ ಮತ್ತರ್ಧ ಗಂಟೆ. ಕಂಪನಿ ಮುಚ್ಚಿದ ಮೇಲೆ ರೆಕಾರ್ಡಿನವರು ಬೆಂಗಳೂರಿಗೆ ಕರೆಸಿ, ಗೋಡೆಗೆಲ್ಲ ಕಂಬಳಿ ಹೊದಿಸಿದ ಒಂದು ಕೋಣೆಯಲ್ಲಿ ನಿಲ್ಲಿಸಿ, "ಮೂರು ನಿಮಿಷದಲ್ಲಿ ಮುಗಿಸಬೇಕು" ಎಂದಿದ್ದರು. ಹುಲಿಗೆಮ್ಮ ಮೊದಲ ಸಲ ಮೂರು ನಿಮಿಷವನ್ನು ಆಲಾಪನೆಗೇ ಮುಗಿಸಿದಳು. ಎರಡನೆಯ ಸಲ ಗಡಿಯಾರ ಹಿಡಿದವನು ಬೆನ್ನು ತಟ್ಟಿದಾಗ ಬೆಚ್ಚಿ, ಏನಪ್ಪಾ ಎಂದು ತಿರುಗಿ ಕೇಳಿದಳು. ಅದೂ ಅಚ್ಚಾಗಿ, ದನಿ ಹಿಡಿಯುವ ಮೇಣದ ತಟ್ಟೆ ಕೆಟ್ಟಿತು. ನಾಲ್ಕನೆಯ ಸಲಕ್ಕೆ ಹಾಡು ಮೂರು ನಿಮಿಷದೊಳಗೆ ಹಿಡಿಯಿತು. ಆಮೇಲೆ ಒಂದು ಪ್ಲೇಟನ್ನು ಅವಳಿಗೂ ಕಳಿಸಿಕೊಟ್ಟಿದ್ದರು. ಮನೆಯಲ್ಲಿ ಯಂತ್ರವಿಲ್ಲ. ಹಳೆಯ ರೇಷ್ಮೆ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದಳು. ತನ್ನ ಹಾಡನ್ನು ತಾನು ಒಂದು ಸಲವೂ ಕೇಳಿರಲಿಲ್ಲ.

ಮರುವರ್ಷ ಮೂಕಪ್ಪ ಮೇಷ್ಟ್ರು ಹೆಣ್ಣುಮಕ್ಕಳ ಶಾಲೆಗೆ ಒಂದು ಕೊಠಡಿ ಕಟ್ಟಿಸಬೇಕೆಂದು ಹೊರಟರು. ಹುಲಿಗೆಮ್ಮನನ್ನೇ ಕರೆಸಿ ಟಿಕೆಟ್ಟಿಟ್ಟು ಹಾಡಿನ ಕಛೇರಿ ಮಾಡಿಸೋಣ ಎಂದರು.

"ಯಾಕ್ರೀ ಮೇಷ್ಟ್ರೆ, ಪಾಪ, ಅಷ್ಟು ದೂರದಿಂದ," ಎಂದ ಮರುಳಸಿದ್ದಪ್ಪ. "ಪ್ಲೇಟೇ ಐತಲ್ಲ. ನಾನೇ ಹೊತ್ಕೊಂಡು ಬಂದು ಹಾಕ್ತೀನಿ."

"ಪ್ಲೇಟು ಕೇಳಾಕೆ ಯಾರು ಟಿಕೆಟ್ಟು ತಗೋತಾರೆ? ಏಳೂ ಬಾಗಿ ಎದುರಿಗೆ ಕುಂತು ಕೇಳಬೇಕು!"

ಕಾಗದ ಹೋಯಿತು. ಒಪ್ಪಿಗೆ ಬಂತು. ಅಂದಿನಿಂದ ಮರುಳಸಿದ್ದಪ್ಪನಿಗೆ ಊಟ ಸೇರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಹುಲಿಗೆಮ್ಮ ಬಸ್ಸಿಳಿದಳು. ಮೂವತ್ತೈದರ ಸುಮಾರಿನ, ಎತ್ತರದ, ನಕ್ಕರೆ ಕೆನ್ನೆ ತುಂಬುವ ಹೆಂಗಸು. ಜೊತೆಗೆ ಹಾರ್ಮೋನಿಯಂ ನುಡಿಸುವ ತಿಪ್ಪೇರುದ್ರಸ್ವಾಮಿ. ಅವರೂ ಅದೇ ನಾಟಕದ ಕಂಪನಿಯವರು. ಶಾಸ್ತ್ರ ಬಿಟ್ಟು ಒಂದು ಹೆಜ್ಜೆ ಇಡದವರು, ಬಸ್ಸಿನ ಹಾರ್ನಿನ ಶ್ರುತಿ ಸರಿಯಿಲ್ಲವೆಂದು ಡ್ರೈವರನ ಹತ್ತಿರ ಜಗಳವಾಡಿ ಬಂದಿದ್ದರು. ಕಛೇರಿ ಅಡಿಕೆ ಮಂಡಿಯ ದೊಡ್ಡ ಗೋದಾಮಿನಲ್ಲಿ. ನೆಲಕ್ಕೆ ಖಾಲಿ ಗೋಣಿಚೀಲ ಹಾಸಿದ್ದರು. ನಾಲ್ಕು ಗಂಟೆಗೆ ಗೋದಾಮು ತುಂಬಿ, ಕಿಟಕಿಯ ಸರಳುಗಳಿಗೂ ಜನ ಜೋತಿದ್ದರು.

ಮೊದಲು ಎರಡು ಹಾಡು ಆಯಿತು. ಜನ ಕೇಳಿದರು, ಆದರೆ ಮನಸ್ಸು ಅಲ್ಲಿರಲಿಲ್ಲ. ಮೂರನೆಯದಾಗಿ ಹುಲಿಗೆಮ್ಮ ಹಾದಿ ನೋಡಿ ಹಾದಿ ನೋಡಿ ಎಂದು ಎತ್ತಿದಾಗ ಗೋದಾಮು ಹೋ ಎಂದಿತು. ಎರಡನೆಯ ಸಾಲು ಬಂತು. ನಾಲ್ಕುನೂರು ಕೈಗಳು ಮೇಲೆ ಎದ್ದವು. ಹುಲಿಗೆಮ್ಮ ಬಾಗಿಲಲ್ಲಿ ನಿಂತ ಕಾಲು ಬೇರು ಬಿಟ್ಟಿತೋ ಎಂದು ಸಲೀಸಾಗಿ ಹಾಡಿ ಮುಂದಕ್ಕೆ ಹೋದಳು.

ಕೈಗಳು ಮೇಲೆಯೇ ಉಳಿದವು. ಆಶೀರ್ವಾದ ಮಾಡುತ್ತಿದ್ದಾರೆಂದು ತಿಳಿದ ಹುಲಿಗೆಮ್ಮ ಕೈ ಮುಗಿದಳು. ಹಿಂದಿನಿಂದ ಗುಜುಗುಜು ಶುರುವಾಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಸರ್ವಮಂಗಳಮ್ಮ ಎದ್ದು ನಿಂತಳು.

"ಈಕೆ ಅಲ್ಲ ಆಕೆ! ಬಾಗಿ ಎಲ್ಲಿ?"

"ಯಾವ ಬಾಗಿ, ಅಮ್ಮಾ?" ಎಂದಳು ಹುಲಿಗೆಮ್ಮ.

"ನೋಡಿದ್ರಾ! ಯಾವ ಬಾಗಿ ಅಂತಾಳೆ. ಹುಲಿಗೆಮ್ಮ ಆಗಿದ್ರೆ ತನ್ನ ಹಾಡು ತನಗೆ ಗೊತ್ತಿರ್ತಿರಲಿಲ್ವಾ?"

ಗೋದಾಮಿನಲ್ಲಿ ಗಲಾಟೆ ಎದ್ದಿತು. ಮೋಸ ಎಂದರು ಕೆಲವರು. ಮೇಷ್ಟ್ರು ಯಾರನ್ನೋ ಕರಕೊಂಡು ಬಂದಾರೆ ಎಂದರು ಇನ್ನು ಕೆಲವರು. ಮೂಕಪ್ಪ ಮೇಷ್ಟ್ರು ವೇದಿಕೆ ಹತ್ತಿ ಎರಡೂ ಕೈ ಎತ್ತಿದರು. ಕೊನೆಗೆ, ಹಾಡುಗಾರ್ತಿ ದಣಿದಿದ್ದಾರೆ, ಅರ್ಧ ಗಂಟೆ ವಿಶ್ರಾಂತಿ ಎಂದು ಕೂಗಿ ಹೇಳಿದರು. ಮರುಳಸಿದ್ದಪ್ಪ ಕಂಬದ ಹಿಂದೆ ಮುಖ ಮುಚ್ಚಿಕೊಂಡು ಕೂತಿದ್ದ. ಎದ್ದವಳು ಗಿಡ್ಡಮ್ಮ. ನೇರವಾಗಿ ವೇದಿಕೆಯ ಹತ್ತಿರ ಹೋಗಿ ಹುಲಿಗೆಮ್ಮನ ಕೈ ಹಿಡಿದಳು.

"ಅಕ್ಕಾ, ನೀವು ಸರಿಯಾಗೇ ಹಾಡಿದ್ರಿ. ತಪ್ಪು ನಮ್ಮನ್ಯಾಗೈತೆ. ಬರ್ರಿ ತೋರಿಸ್ತೀನಿ."

ಮರುಳಸಿದ್ದಪ್ಪನೂ ಹಾರ್ಮೋನಿಯಂ ಹೊತ್ತ ತಿಪ್ಪೇರುದ್ರಸ್ವಾಮಿಗಳೂ ಹಿಂದೆಯೇ ಬಂದರು. ಕಾಫಿ ಕ್ಲಬ್ಬಿನ ಬಾಗಿಲು ಹಾಕಿಕೊಂಡು ನಾಲ್ವರು ಗ್ರಾಮಫೋನಿನ ಸುತ್ತ ನಿಂತರು. ಮರುಳಸಿದ್ದಪ್ಪ ಮುಳ್ಳು ಇಟ್ಟ. ಕಹಳೆಯಿಂದ ಹಾಡು ಬಂತು.

ಹುಲಿಗೆಮ್ಮ ಒಂದು ಹೆಜ್ಜೆ ಹಿಂದಕ್ಕೆ ಹೋದಳು. "ಇದು ಯಾರು?" ಎಂದಳು. ತಿಪ್ಪೇರುದ್ರಸ್ವಾಮಿಗಳು, "ನೀನೇ ಕಣಮ್ಮ," ಎಂದರು. ಅವಳು ಮತ್ತೆ ಹತ್ತಿರ ಬಂದು, ಕಹಳೆಯೊಳಗೆ ಇಣುಕಿ ನೋಡಿ, ನಾಚಿಕೊಂಡು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇಷ್ಟು ವರ್ಷ ಎದುರಿಗೆ ಕೂತವರು ಕೇಳಿದ್ದು ಇದನ್ನೇ ಏನು? ಒಳಗಿನಿಂದ ಕೇಳುವ ದನಿಗೂ ಇದಕ್ಕೂ ಎಷ್ಟು ದೂರ! ತೆಳುವಾಗಿದೆ, ಆದರೆ ಕೆಟ್ಟದಾಗಿಲ್ಲ. ಕಣ್ಣು ತೇವವಾಗುತ್ತಿತ್ತು. ಅಷ್ಟರಲ್ಲಿ ಬಾಗಿ ಶುರುವಾಯಿತು. ಬಾಗಿ, ಬಾಗಿ, ಬಾಗಿ. ಮರುಳಸಿದ್ದಪ್ಪ ಏಳಕ್ಕೆ ಬಡಿದ, ಢಂ.

ಹುಲಿಗೆಮ್ಮ ನಗತೊಡಗಿದಳು. ಬೆಂಚಿನ ಮೇಲೆ ಕೂತು ನಕ್ಕಳು, ಎದ್ದು ನಕ್ಕಳು, ಗಿಡ್ಡಮ್ಮನ ಭುಜ ಹಿಡಿದು ನಕ್ಕಳು. ಬೂದಿ, ತೆಂಗಿನ ನಾರು, ಮೇಷ್ಟ್ರ ವಿವರಣೆ, ತೊಟ್ಟಿಲು ಎಲ್ಲವನ್ನೂ ಗಿಡ್ಡಮ್ಮ ಹೇಳುತ್ತ ಹೋದ ಹಾಗೆ ಅವಳ ನಗುವೂ ಮುಂದುವರಿಯಿತು.

"ನಾನೇ ಹೋಗಿ ಒಪ್ಕೋತೀನ್ರಿ," ಎಂದ ಮರುಳಸಿದ್ದಪ್ಪ. "ಎಲ್ಲರೆದುರಿಗೆ ಹೇಳ್ತೀನಿ."

"ಬ್ಯಾಡ. ನಿಮ್ಮನ್ನ ನೋಡಿ ನಗೋದಿರಲಿ, ಒಂದು ವರ್ಷ ಮೇಜು ಬಡಿದೋರು ತಮ್ಮನ್ನ ತಾವೇ ನೋಡಿ ನಗಬೇಕಾಗ್ತೈತೆ. ಅದನ್ನ ಊರು ಕ್ಷಮಿಸಾಕಿಲ್ಲ," ಎಂದಳು ಹುಲಿಗೆಮ್ಮ. "ಸ್ವಾಮ್ಯಾರೇ, ಹಾರ್ಮೋನಿಯಂ ತಗೀರಿ. ಏಳು ಬಾಗಿ ಕಲಿಯೋಣ."

"ಗೀರು ಬಿದ್ದದ್ದನ್ನ ಹಾಡೋದೇ?" ತಿಪ್ಪೇರುದ್ರಸ್ವಾಮಿಗಳಿಗೆ ಸಿಟ್ಟು ಬಂತು. "ನಲವತ್ತು ವರ್ಷದಾಗೆ ಯಾವ ಗುರುವೂ ನನಗೆ ಇಂಥದ್ದು ಹೇಳಿಕೊಟ್ಟಿಲ್ಲ. ಒಂದೇ ಮಾತು ಏಳು ಸಲ, ಒಂದೇ ಸ್ವರದಾಗೆ! ಯಂತ್ರಕ್ಕೆ ಬೇಜಾರಿಲ್ಲ, ನನಗೈತೆ."

"ಒಂದೇ ಸ್ವರದಾಗೆ ಯಾಕೆ ಹಾಡಬೇಕು? ಸ್ವರನೂ ಏಳೇ ಅದಾವಲ್ಲ," ಎಂದಳು ಹುಲಿಗೆಮ್ಮ.

ಸ್ವಾಮಿಗಳು ಹಾರ್ಮೋನಿಯಂ ಎಳೆದುಕೊಂಡರು.

ಅರ್ಧ ಗಂಟೆಯ ಮೇಲೆ ಗೋದಾಮಿನಲ್ಲಿ ಮತ್ತೆ ಹಾದಿ ನೋಡಿ ಶುರುವಾಯಿತು. ಜನ ಮುಖ ಗಂಟು ಹಾಕಿಕೊಂಡೇ ಕೂತಿದ್ದರು. ಎರಡನೆಯ ಸಾಲಿಗೆ ಹುಲಿಗೆಮ್ಮ ಬಾಗಿ ಎಂದು ಕೆಳಗಿನ ಷಡ್ಜದಲ್ಲಿ ನಿಲ್ಲಿಸಿದಳು. ಒಂದು ಮೆಟ್ಟಿಲು ಹತ್ತಿ ಮತ್ತೊಂದು ಬಾಗಿ. ಇನ್ನೊಂದು ಮೆಟ್ಟಿಲು, ಇನ್ನೊಂದು. ಪ್ರತಿ ಬಾಗಿಗೂ ಅವಳು ಬೇರೆ ಬೇರೆ ಹೆಂಗಸಿನಂತೆ ಹಾದಿ ನೋಡಿದಳು. ಒಮ್ಮೆ ಆಸೆಯಿಂದ, ಒಮ್ಮೆ ಸಿಟ್ಟಿನಿಂದ, ಒಮ್ಮೆ ಅತ್ತೆ ನೋಡಿಯಾಳೆಂಬ ಭಯದಿಂದ. ಏಳನೆಯದಕ್ಕೆ ನಿಷಾದದಲ್ಲಿ ನಿಂತು ಜನರ ಕಡೆ ನೋಡಿದಾಗ ನಾಲ್ಕುನೂರು ಕೈಗಳು ಗೋಣಿಚೀಲಗಳ ಮೇಲೆ ಬಿದ್ದವು. ಢಂ! ಚೀಲಗಳಲ್ಲಿದ್ದ ಅಷ್ಟೂ ಧೂಳು ಒಟ್ಟಿಗೆ ಎದ್ದು ಗೋದಾಮು ಮಂಜಾಯಿತು. ಕೆಮ್ಮುತ್ತ, ಸೀನುತ್ತ, ಕಣ್ಣೊರೆಸಿಕೊಳ್ಳುತ್ತ ಜನ ಒನ್ಸ್ ಮೋರ್ ಎಂದು ಕೂಗಿದರು.

ಎರಡನೆಯ ಸಲ ಅವಳು ಐದಕ್ಕೆ ನಿಲ್ಲಿಸಿದಳು. ಜನ ಕೈ ಎತ್ತಿ ಉಸಿರು ಹಿಡಿದು ಕಾದರು. ಸ್ವಾಮಿಗಳೂ ಬೆರಳೆತ್ತಿ ಕಾದರು. ಅವಳು ಆರಾಮಾಗಿ ಒಂದು ಗುಟುಕು ನೀರು ಕುಡಿದು, ಆರನೆಯ ಬಾಗಿ ಹಾಡಿದಳು. ನಗು ಉಕ್ಕಿತು. ಮೂರನೆಯ ಸಲ ಏಳು ದಾಟಿ ಎಂಟಕ್ಕೆ ಹೋದಾಗ ಅರ್ಧ ಜನ ಬಡಿದಿದ್ದರು, ಅರ್ಧ ಜನ ಬಡಿದಿರಲಿಲ್ಲ, ಒಬ್ಬರನ್ನೊಬ್ಬರು ಬೈಯುತ್ತಿದ್ದರು. ಗ್ರಾಮಫೋನು ಇಂಥ ಆಟ ಆಡುವುದಿಲ್ಲ. ಹಾಡು ಮುಕ್ಕಾಲು ಗಂಟೆ ನಡೆಯಿತು.

"ಮೊದ್ಲು ಮರೆತಿದ್ಲು, ಪಾಪ. ಬಸ್ಸಿನ ದಣಿವು," ಎಂದು ಸರ್ವಮಂಗಳಮ್ಮ ಪಕ್ಕದವರಿಗೆ ಹೇಳಿದಳು. "ಈಗ ನೋಡು, ಪ್ಲೇಟಿನ ಹಂಗೇ ಹಾಡಿದ್ಲು." ಮೇಷ್ಟ್ರು ಸ್ವರಗಳು ಏಳು, ಬಾಗಿ ಏಳು ಏಕೆ ಎಂಬುದರ ಮೇಲೆ ಇಪ್ಪತ್ತು ನಿಮಿಷ ಮಾತಾಡಿ ವಂದನೆ ಹೇಳಿದರು. ಇದನ್ನೆಲ್ಲ ನನಗೆ ಹೇಳಿದವರು ಗಿಡ್ಡಮ್ಮನವರೇ, ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ. ಮೇಷ್ಟ್ರಿಗೆ ಮಾತ್ರ ಕೊನೆಯವರೆಗೂ ನಾರಿನ ವಿಷಯ ಹೇಳಲಿಲ್ಲವಂತೆ.

ಆ ಭಾನುವಾರದ ಸುದ್ದಿ ಹಬ್ಬಿತು. ಹೊನ್ನಾಳಿಯವರು ಕರೆದರು, ನ್ಯಾಮತಿಯವರು ಕರೆದರು. ಎಲ್ಲೆಲ್ಲೂ ಬಾಗಿಯೇ ಬೇಕು. ಬೆಂಗಳೂರಿನ ರೆಕಾರ್ಡಿನವರ ಕಿವಿಗೂ ಮುಟ್ಟಿ, ಮೂವತ್ತೊಂಬತ್ತರಲ್ಲಿ ಅದೇ ಹಾಡನ್ನು ಬಾಗಿ ಸಮೇತ ಮತ್ತೆ ಹಾಡಿಸಿಕೊಂಡರು. ಏಳು ಮೆಟ್ಟಿಲು ಹತ್ತುವುದಕ್ಕೆ ಮೂರು ನಿಮಿಷ ಸಾಲದೆ ಕೊನೆಯ ಚರಣವನ್ನೇ ತೆಗೆದರು. ಗಂಡ ಮನೆಗೆ ಬರುವುದು ಆ ಚರಣದಲ್ಲಿತ್ತು. ಹಾಗಾಗಿ ಹೊಸ ಪ್ಲೇಟಿನಲ್ಲಿ ಅವನು ಬರಲೇ ಇಲ್ಲ. ಹುಲಿಗೆಮ್ಮ, "ಬರದಿದ್ರೆ ಬ್ಯಾಡ ಬಿಡ್ರಿ, ಹಾದಿ ನೋಡೋದ್ರಾಗೇ ಹಾಡೈತೆ," ಎಂದಳಂತೆ.

ಹೊಸ ಪ್ಲೇಟುಗಳು ಅಂಗಡಿಗಳಿಗೆ ಬಂದವು. ಹೊನ್ನಾಳಿಯ ಶಿವಮೂರ್ತಪ್ಪ ಜವಳಿಯ ಜೊತೆಗೆ ಪ್ಲೇಟುಗಳನ್ನೂ ಮಾರುತ್ತಿದ್ದ. ಕಛೇರಿಗೆ ಬಂದಿದ್ದವರು ಖುಷಿಯಿಂದ ಒಯ್ದರು. ಆದರೆ ದೂರದ ಹಳ್ಳಿಗಳಿಂದ ಬಂದು ಒಯ್ದವರು ಮರುದಿನವೇ ಪ್ಲೇಟು ಕಂಕುಳಲ್ಲಿಟ್ಟುಕೊಂಡು ವಾಪಸು ಬಂದರು.

"ಏನ್ರೀ ಶಿವಮೂರ್ತಪ್ಪ, ಕೆಟ್ಟ ಮಾಲು ಕೊಟ್ಟೀರಿ. ಬಾಗಿ ಬಾಗಿ ಅಂತ ಅಲ್ಲೇ ನಿಂತೈತೆ!"

"ನಿಂತಿಲ್ಲ ಕಣ್ರೀ, ಹಾಡೇ ಹಂಗೆ."

"ನಮಗೇನು ಪ್ಲೇಟು ಗೊತ್ತಿಲ್ವಾ? ಸಿಕ್ಕಿಹಾಕ್ಕೊಂಡ್ರೆ ಹಿಂಗೇ ಅನ್ನೋದು."

ಸವಳಂಗದವನೊಬ್ಬ ಮುಳ್ಳು ಸಿಕ್ಕಿದೆಯೆಂದು ಯಂತ್ರಕ್ಕೇ ಗುದ್ದಿ, ಆ ಗುದ್ದಿಗೆ ಮುಳ್ಳು ಹಾರಿ ಪ್ಲೇಟಿಗೆ ನಿಜವಾದ ಗೀರು ಬಿದ್ದಿತ್ತು. ನ್ಯಾಮತಿಯಿಂದಲೂ ಅದೇ ದೂರು. ಪ್ಲೇಟುಗಳು ಕಂತೆ ಕಂತೆಯಾಗಿ ಬೆಂಗಳೂರಿಗೆ ವಾಪಸಾದವು. ರೆಕಾರ್ಡಿನವರು ಒಂದೊಂದನ್ನೂ ಹಾಕಿ ಕೇಳಿ, ಎಲ್ಲ ಸರಿಯಾಗಿವೆ ಎಂದು ಕಂಡು, ತಲೆ ಕೆರೆದುಕೊಂಡು, ಕೊನೆಗೆ ಪ್ರತಿ ಲಕೋಟೆಯೊಳಗೂ ಅಚ್ಚು ಹಾಕಿಸಿದ ಒಂದು ಚೀಟಿ ಇಟ್ಟು ಮತ್ತೆ ಅಂಗಡಿಗಳಿಗೆ ಕಳಿಸಿದರು.

ಆ ಚೀಟಿಯನ್ನು ಹುಲಿಗೆಮ್ಮ ನೋಡಿದ್ದು ಹೊನ್ನಾಳಿಯಲ್ಲಿ, ಶಿವಮೂರ್ತಪ್ಪನ ಅಂಗಡಿಯ ಕಟ್ಟೆಯ ಮೇಲೆ ಬಸ್ಸಿಗೆ ಕಾಯುತ್ತ ಕೂತಾಗ. ಕನ್ನಡಕ ಹಾಕಿಕೊಂಡು ತಿಪ್ಪೇರುದ್ರಸ್ವಾಮಿಗಳು ಗಟ್ಟಿಯಾಗಿ ಓದಿದರು: "ಗ್ರಾಹಕರಲ್ಲಿ ವಿಜ್ಞಾಪನೆ. ಈ ಪ್ಲೇಟು ಕೆಟ್ಟಿಲ್ಲ. ಗಾಯಕಿಯವರು ಹಾಡಿರುವುದೇ ಹೀಗೆ. ದಯವಿಟ್ಟು ಯಂತ್ರವನ್ನು ಬಡಿಯಬೇಡಿ."

"ನನ್ನ ಹೆಸರು ಹಾಕ್ಯಾರಾ?"

"ಇಲ್ಲ. ಗಾಯಕಿಯವರು ಅಂತ ಮಾತ್ರ ಐತೆ."

"ಯವರು ಅಂದಾರಲ್ಲ, ಅಷ್ಟು ಸಾಕು," ಎಂದಳು ಹುಲಿಗೆಮ್ಮ. ಶಿವಮೂರ್ತಪ್ಪ ಇನ್ನೂ ನಾಲ್ಕು ಚೀಟಿ ಕೊಟ್ಟ. ಅವಳು ಅವುಗಳಲ್ಲೊಂದರಲ್ಲಿ ಎಲೆ ಅಡಿಕೆ ಸುತ್ತಿ ಸ್ವಾಮಿಗಳಿಗೆ ಕೊಟ್ಟು, ಉಳಿದವನ್ನು ಚೀಲಕ್ಕೆ ಹಾಕಿಕೊಂಡಳು. ಶಿವಮೊಗ್ಗದ ಬಸ್ಸು ಬಂತು. ಹಾರ್ಮೋನಿಯಂ ಪೆಟ್ಟಿಗೆಯನ್ನು ಮೇಲೆ ಹಾಕಬಾರದು, ಮಡಿಲಲ್ಲೇ ಇಟ್ಟುಕೊಳ್ಳುತ್ತೇನೆ ಎಂದು ಸ್ವಾಮಿಗಳು ಕಂಡಕ್ಟರನ ಹತ್ತಿರ ಶುರು ಮಾಡಿದರು. ಹುಲಿಗೆಮ್ಮ ಅವರನ್ನು ಅಲ್ಲೇ ಬಿಟ್ಟು ಮೊದಲು ಹತ್ತಿ ಕಿಟಕಿಯ ಪಕ್ಕ ಜಾಗ ಹಿಡಿದಳು.